ಅಜುಗುಪ್ಸೆ ಎಂಬ ಧರ್ಮ

ರೋಗಗಳಲ್ಲಿಯೂ ಮರ್ಯಾದೆಯ ತಾರತಮ್ಯ ಉಂಟು. ಹೃದ್ರೋಗದಿಂದ ನರಳುವವನನ್ನು ನೋಡಲು ನೆಂಟರಿಷ್ಟರು ಹಣ್ಣುಹಂಪಲುಗಳೊಡನೆ ಬರುತ್ತಾರೆ. ಜ್ವರ ಬಂದವನ ಹಾಸಿಗೆಯ ಬಳಿ ಮನೆಮಂದಿ ಸರದಿಯಂತೆ ಕುಳಿತುಕೊಳ್ಳುತ್ತಾರೆ. ಕಣ್ಣು ಮಂಜಾದವನಿಗೆ ದಾರಿಹೋಕನೂ ಕೈ ನೀಡುತ್ತಾನೆ. ಆದರೆ ಹೆಸರು ಹೇಳಲೂ ನಾಲಗೆ ಹಿಂಜರಿಯುವಂಥ ರೋಗಗಳು ಕೆಲವುಂಟು. ಮೂಗಿನೊಳಗೆ ಹುಳು ಬೀಳುವುದು ಅವುಗಳಲ್ಲೊಂದು. ಈ ವ್ಯಾಧಿಗೆ ಗುರಿಯಾದವನ ಮನೆಗೆ ಹಣ್ಣು ತರುವವರು ವಿರಳ. ಮನೆಯವರು ವೈದ್ಯನ ಮುಂದೆಯೂ ತಗ್ಗಿದ ದನಿಯಲ್ಲಿ ಮಾತನಾಡುತ್ತಾರೆ. ನೆರೆಯವರು ಕೇಳಿದರೆ ನೆಗಡಿಯೆಂದೋ ರಕ್ತಪಿತ್ತವೆಂದೋ ಹೇಳಿ ಬಾಗಿಲು ಮುಂದೆ ಮಾಡುತ್ತಾರೆ. ಸಾಹಿತ್ಯದ ಪುಟಗಳಲ್ಲಿ ಇಂಥ ಹೇಯವಾದ ವಿಷಯಕ್ಕೆ ಎಡೆಯುಂಟೆ ಎಂದು ಕೆಲವು ವಾಚಕರು ಕೇಳಬಹುದು. ಧರ್ಮವಿಚಾರವು ಅಂದವಾದ ದೃಷ್ಟಾಂತಗಳನ್ನೇ ಆರಿಸಿಕೊಳ್ಳುತ್ತ ಹೋದರೆ ಅದರ ಬಲಾಬಲಗಳು ಎಂದಿಗೂ ತಿಳಿಯಲಾರವು. ಅಹಿಂಸೆ, ಕರ್ಮ, ದಯೆ ಎಂಬ ಮೂರು ದೊಡ್ಡ ಮಾತುಗಳು ಈ ಒಂದು ರೋಗಿಯ ಹಾಸಿಗೆಯ ಬಳಿ ಬಂದು ನಿಂತಾಗ ಪರಸ್ಪರ ವಿರೋಧಿಸುವಂತೆ ತೋರುತ್ತವೆ. ಆದುದರಿಂದಲೇ ಇದು ವಿಚಾರಾರ್ಹವಾದುದು.

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಈ ಹುಳುಗಳು ನೊಣದ ಮರಿಗಳು. ಭಾರತದಲ್ಲಿ ಈ ವ್ಯಾಧಿಯನ್ನುಂಟುಮಾಡುವ ನೊಣಗಳಲ್ಲಿ ಮುಖ್ಯವಾದುದಕ್ಕೆ ಕ್ರೈಸೋಮಿಯ ಬೆಜ್ಜಿಯಾನ ಎಂದು ಶಾಸ್ತ್ರಜ್ಞರು 1914ರಲ್ಲಿ ಹೆಸರಿಟ್ಟರು. ನೋಡಲು ಇದು ನೀಲಿ ಹಸುರುಗಳ ಹೊಳಪುಳ್ಳ, ಅಂದವಾದುದೆಂದೇ ಹೇಳಬಹುದಾದ ಪ್ರಾಣಿ. ಮನೆಯ ನೊಣದಂತೆ ಕಸದಲ್ಲಿ ಮೊಟ್ಟೆಯಿಡುವುದು ಇದರ ಸ್ವಭಾವವಲ್ಲ. ಜೀವವಿರುವ ಪ್ರಾಣಿಯ ಗಾಯದ ಅಂಚಿನಲ್ಲಿಯೋ, ರಕ್ತ ಕೀವುಗಳು ಒಸರುವ ಮೂಗು ಕಿವಿಗಳ ದ್ವಾರದಲ್ಲಿಯೋ ಒಂದು ಸಲಕ್ಕೆ ಸುಮಾರು 150ರಿಂದ 200 ಮೊಟ್ಟೆಗಳನ್ನಿಡುತ್ತದೆ. ಒಂದು ದಿನ ಕಳೆಯುವುದರೊಳಗಾಗಿ ಮರಿಗಳು ಹೊರಬಿದ್ದು, ತಲೆಯನ್ನು ಒಳಗೆ ಮಾಡಿ, ಜೀವಂತ ಮಾಂಸವನ್ನು ಕೊರೆಯುತ್ತ ಆಳಕ್ಕೆ ಇಳಿಯುತ್ತವೆ. ಅವುಗಳ ಉಸಿರಾಟದ ರಂಧ್ರಗಳಿರುವುದು ಹಿಂದಿನ ತುದಿಯಲ್ಲಿ. ಮೈ ಸುತ್ತಲೂ ಬಳೆಗಳಂತೆ ಸಣ್ಣ ಮುಳ್ಳುಗಳ ಸಾಲುಗಳಿರುವುದರಿಂದ ಎಳೆದರೆ ಸುಲಭವಾಗಿ ಬರುವುದಿಲ್ಲ. ಐದಾರು ದಿನ ಹೀಗೆ ತಿಂದು ಬೆಳೆದು, ತಾವಾಗಿಯೇ ನೆಲಕ್ಕೆ ಬಿದ್ದು, ಮಣ್ಣಿನಲ್ಲಿ ಕೋಶ ಕಟ್ಟಿಕೊಂಡು ಮತ್ತೆ ನೊಣಗಳಾಗುತ್ತವೆ. ದನಕರುಗಳ ಗಾಯದಲ್ಲಿ ಬೀಳುವ ಹುಳುವನ್ನು ಬಲ್ಲ ರೈತನಿಗೆ ಇದು ಹೊಸ ಸಂಗತಿಯಲ್ಲ.

ಮನುಷ್ಯನ ಮೂಗಿಗೆ ಈ ನೊಣ ಬರುವುದು ಹೇಗೆ? ಆರೋಗ್ಯವಂತನು ಎಚ್ಚರವಾಗಿರುವಾಗ ಮುಖದ ಮೇಲೆ ನೊಣ ಕುಳಿತರೆ ಕೈ ತಾನಾಗಿ ಏಳುತ್ತದೆ. ಕೈ ಏಳದವನ ಬಳಿಗೆ ನೊಣವು ಧೈರ್ಯವಾಗಿ ಬರುತ್ತದೆ. ದೀರ್ಘಕಾಲ ಹಾಸಿಗೆ ಹಿಡಿದ ವೃದ್ಧರು, ಪ್ರಜ್ಞೆ ತಪ್ಪಿದವರು, ಬುದ್ಧಿಭ್ರಮಣೆಯಾದವರು, ಮದ್ಯದ ಅಮಲಿನಲ್ಲಿ ಬೀದಿಯ ಬದಿ ಬಿದ್ದಿರುವವರು, ಕುಷ್ಠದಿಂದ ಮೂಗಿನ ಒಳಪೊರೆಯ ಸ್ಪರ್ಶಜ್ಞಾನವನ್ನು ಕಳೆದುಕೊಂಡವರು, ಇವರೇ ಹೆಚ್ಚಾಗಿ ಇದಕ್ಕೆ ಗುರಿಯಾಗುವವರು. ಇವರಲ್ಲದೆ, ಮೂಗಿನ ಒಳಭಾಗವು ಒಣಗಿ ಕ್ಷಯಿಸಿ, ಒಳಗೆ ಹೆಪ್ಪುಗಟ್ಟಿದ ಹಕ್ಕಳೆಗಳು ಕೊಳೆತು ನಾರುವಂಥ ಹಳೆಯ ಪೀನಸವುಳ್ಳವರೂ ಇದ್ದಾರೆ. ಈ ಪೀನಸದ ವಿಶೇಷವೊಂದುಂಟು. ರೋಗವು ಗಂಧಗ್ರಹಣ ಶಕ್ತಿಯನ್ನೇ ನಾಶಮಾಡುವುದರಿಂದ ತನ್ನ ದುರ್ಗಂಧವು ರೋಗಿಗೆ ತಿಳಿಯುವುದಿಲ್ಲ. ಸುತ್ತಲಿನವರಿಗೆ ಮಾತ್ರ ತಿಳಿಯುತ್ತದೆ. ಜನರು ಏಕೆ ದೂರ ಸರಿಯುತ್ತಿದ್ದಾರೆಂಬುದು ಅವನಿಗೆ ಅನೇಕ ಕಾಲ ಅರ್ಥವಾಗುವುದಿಲ್ಲ. ಹುಳು ಬಿದ್ದ ಮೇಲೆ ಮೂಗಿನಲ್ಲಿ ಏನೋ ಹರಿದಾಡಿದಂತಾಗುವುದು, ಸೀನು, ತಲೆನೋವು, ರಕ್ತ ಬೆರೆತ ನೀರು ಸುರಿಯುವುದು, ಕಣ್ಣು ಕೆನ್ನೆಗಳು ಊದುವುದು ಮೊದಲಾದ ಲಕ್ಷಣಗಳು ಕಾಣುತ್ತವೆ. ಉಪೇಕ್ಷೆ ಮಾಡಿದರೆ ಅಂಗುಳು ತೂತಾಗಬಹುದು. ಕಣ್ಣಿನ ಗೂಡಿಗೂ ಮಿದುಳಿನ ಪೊರೆಗೂ ವಿಷವೇರಿ ಪ್ರಾಣವೇ ಹೋಗಬಹುದು.

ಚಿಕಿತ್ಸೆ ದುಸ್ಸಾಧ್ಯವಾದುದೇನೂ ಅಲ್ಲ. ಟರ್ಪೆಂಟೈನ್ ತೈಲವನ್ನೋ, ಕ್ಲೋರೋಫಾರ್ಮ್ ಬೆರೆತ ದ್ರವವನ್ನೋ ಮೂಗಿಗೆ ಬಿಟ್ಟು ಹುಳುಗಳಿಗೆ ಉಸಿರು ಕಟ್ಟುವಂತೆ ಮಾಡಿ, ಅವು ಸ್ತಬ್ಧವಾದ ಮೇಲೆ ವೈದ್ಯನು ಚಿಮಟದಿಂದ ಒಂದೊಂದನ್ನಾಗಿ ತೆಗೆಯುತ್ತಾನೆ. ಇದು ಒಂದೇ ದಿನದಲ್ಲಿ ಮುಗಿಯುವುದು ಅಪರೂಪ. ಒಳಗಿನ ಗವಿಗಳಲ್ಲಿ ಅಡಗಿದ್ದುವು ಮರುದಿನ, ಅದರ ಮರುದಿನ ಹೊರಗೆ ಬರುತ್ತವೆ. ಈಗ ದುರ್ಬೀನಿನಂಥ ಸಣ್ಣ ಕೊಳವೆಯಿಂದ ಮೂಗಿನ ಮೂಲೆಮೂಲೆಗಳನ್ನೂ ನೋಡಲು ಸಾಧ್ಯವಾಗಿದೆ. ಐವರ್‌ಮೆಕ್ಟಿನ್ ಎಂಬ ಮಾತ್ರೆಯನ್ನು ಕೆಲವು ವೈದ್ಯರು ಕೊಡುವುದೂ ಉಂಟು. ಈ ಔಷಧದ ಮೂಲದ್ರವ್ಯವನ್ನು ಕಂಡುಹಿಡಿದ ಕ್ಯಾಂಪ್‌ಬೆಲ್ ಮತ್ತು ಓಮುರ ಎಂಬ ವಿದ್ವಾಂಸರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬಳಿಕ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೂಗನ್ನು ತೊಳೆಯುವುದು, ಕೀವಿಗೂ ಧನುರ್ವಾಯುವಿಗೂ ತಕ್ಕ ಔಷಧಗಳನ್ನು ಕೊಡುವುದು, ಮತ್ತೆ ನೊಣ ಸೋಂಕದಂತೆ ರೋಗಿಯನ್ನು ಸೊಳ್ಳೆಪರದೆಯೊಳಗೆ ಇಡುವುದು. ಮೂಗಿನಿಂದ ಕಣ್ಣಿಗೂ ಶ್ವಾಸಕೋಶಕ್ಕೂ ದೂರವಿಲ್ಲವಾದುದರಿಂದ ಈ ತೈಲಗಳನ್ನು ಮನೆಯಲ್ಲಿ ತಾವೇ ಬಿಡಲು ಹೋಗುವುದು ಅಪಾಯಕರ. ಇದು ವೈದ್ಯನ ಕೈಯಲ್ಲಿಯೇ ನಡೆಯತಕ್ಕ ಕೆಲಸ.

ಪ್ರಾಚೀನರಿಗೂ ಇಂಥ ವ್ಯಾಧಿಯ ಪರಿಚಯವಿತ್ತು. ಸುಶ್ರುತಸಂಹಿತೆಯ ಉತ್ತರತಂತ್ರವು ಕ್ರಿಮಿಜ ಶಿರೋರೋಗವನ್ನು ವರ್ಣಿಸುವಾಗ, ತಲೆಯೊಳಗೆ ಯಾವುದೋ ಕಚ್ಚಿ ತಿನ್ನುತ್ತಿರುವಂತಹ ನೋವನ್ನೂ ಮೂಗಿನಿಂದ ರಕ್ತಮಿಶ್ರವಾದ ಸ್ರಾವವನ್ನೂ ಹೇಳುತ್ತದೆ. ಅಲ್ಲಿ ಹೇಳಿರುವ ಉಪಾಯ ಕುತೂಹಲಕರವಾದುದು: ಮೂಗಿಗೆ ರಕ್ತವನ್ನೇ ನಸ್ಯವಾಗಿ ಬಿಟ್ಟರೆ ಅದರ ವಾಸನೆಗೆ ಮತ್ತವಾದ ಹುಳುಗಳು ಮೂಗಿನಿಂದಲೂ ಬಾಯಿಂದಲೂ ಹೊರಬರುವುವಂತೆ, ಆಮೇಲೆ ವಾಯುವಿಳಂಗ ಮೊದಲಾದ ಕ್ರಿಮಿಘ್ನ ದ್ರವ್ಯಗಳ ಪ್ರಯೋಗ. ಚರಕನು ವಿಮಾನಸ್ಥಾನದಲ್ಲಿ ಎಲ್ಲ ಕ್ರಿಮಿಗಳಿಗೂ ಮೂರು ಹೆಜ್ಜೆಯ ಚಿಕಿತ್ಸೆಯನ್ನು ವಿಧಿಸುತ್ತಾನೆ: ಮೊದಲು ಎಳೆದು ತೆಗೆಯುವುದು, ಅನಂತರ ಅವು ಹುಟ್ಟುವ ಪರಿಸ್ಥಿತಿಯನ್ನು ಕೆಡಿಸುವುದು, ಕೊನೆಗೆ ಮೂಲ ಕಾರಣವನ್ನು ಬಿಡಿಸುವುದು. ಈ ಮೂರನೆಯ ಹೆಜ್ಜೆಯ ಮಾತು ಮುಂದೆ ಮತ್ತೆ ಬರಲಿದೆ.

ಈಗ ಪ್ರಶ್ನೆಗೆ ಬರೋಣ. ಚಿಕಿತ್ಸೆ ಗೊತ್ತಿದೆ, ವೈದ್ಯನಿದ್ದಾನೆ, ಆಸ್ಪತ್ರೆಯುಂಟು. ಹೀಗಿದ್ದರೂ ರೋಗಿಯು ವೈದ್ಯನ ಬಳಿಗೆ ಬರುವ ಹೊತ್ತಿಗೆ ಎಷ್ಟೋ ವೇಳೆ ಅಂಗುಳು ತೂತಾಗಿರುತ್ತದೆ. ನಡುವೆ ಅಡ್ಡ ನಿಲ್ಲುವುದು ಯಾವುದು? ಮೂರು ಅಡ್ಡಿಗಳು ಕಾಣುತ್ತವೆ. ಹುಳುವೂ ಒಂದು ಜೀವವಲ್ಲವೆ, ಅದನ್ನು ಕೊಲ್ಲುವುದು ಹಿಂಸೆಯಲ್ಲವೆ ಎಂಬುದೊಂದು. ಇದು ಅವನವನ ಕರ್ಮದ ಫಲ, ಅನುಭವಿಸಿಯೇ ತೀರಬೇಕು ಎಂಬುದು ಮತ್ತೊಂದು. ಬಾಯಿಬಿಟ್ಟು ಹೇಳದೆ ಎಲ್ಲರ ಎದೆಯಲ್ಲಿಯೂ ಇರುವ ಹೇಸಿಗೆ ಮೂರನೆಯದು. ಮೊದಲಿನ ಎರಡು ವಾದಗಳ ರೂಪದಲ್ಲಿ ಬರುತ್ತವೆ. ಮೂರನೆಯದು ವಾದ ಮಾಡುವುದಿಲ್ಲ, ಮೆಲ್ಲನೆ ಹಿಂದೆ ಸರಿಯುತ್ತದೆ ಅಷ್ಟೆ. ಇವನ್ನು ಕ್ರಮವಾಗಿ ಪರಿಶೀಲಿಸಬೇಕು.

ಹಿಂಸೆಯ ಪಕ್ಷವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಅದರ ಅತ್ಯುತ್ತಮ ರೂಪವು ತಿಬ್ಬತದ ಬೌದ್ಧರು ಹೇಳಿಕೊಂಡು ಬಂದಿರುವ ಅಸಂಗಾಚಾರ್ಯನ ಕಥೆಯಲ್ಲಿದೆ. ಅಸಂಗನು ಮೈತ್ರೇಯನ ದರ್ಶನಕ್ಕಾಗಿ ಹನ್ನೆರಡು ವರ್ಷ ಧ್ಯಾನ ಮಾಡಿ, ಫಲ ಕಾಣದೆ, ನಿರಾಶನಾಗಿ ಹೊರಟನಂತೆ. ದಾರಿಯಲ್ಲಿ ಹಿಂಭಾಗವೆಲ್ಲ ಹುಳುತು ನರಳುತ್ತಿದ್ದ ನಾಯಿಯೊಂದು ಕಂಡಿತು. ಹುಳುಗಳನ್ನು ತೆಗೆಯದಿದ್ದರೆ ನಾಯಿ ಸಾಯುತ್ತದೆ. ತೆಗೆದರೆ ಆಹಾರವಿಲ್ಲದೆ ಹುಳುಗಳು ಸಾಯುತ್ತವೆ. ಅವನು ತನ್ನ ತೊಡೆಯ ಮಾಂಸವನ್ನು ಕೊಯ್ದು ಅವುಗಳಿಗೆ ನೆಲೆ ಮಾಡಿ, ಬೆರಳಿನಿಂದ ಹಿಡಿದರೆ ನಜ್ಜುಗುಜ್ಜಾದಾವೆಂದು ಹೆದರಿ, ಹೇಸಿಗೆಯಿಂದ ಕಣ್ಣು ಮುಚ್ಚಿಕೊಂಡು, ನಾಲಗೆಯಿಂದಲೇ ಅವನ್ನು ಎತ್ತಲು ಬಾಗಿದನು. ನಾಲಗೆಗೆ ಏನೂ ತಗಲಲಿಲ್ಲ. ಕಣ್ಣು ತೆರೆದು ನೋಡಿದರೆ ನಾಯಿಯಿರಲಿಲ್ಲ, ಮೈತ್ರೇಯನೇ ನಿಂತಿದ್ದನು. ಶಿಬಿಯು ಪಾರಿವಾಳಕ್ಕಾಗಿ ತನ್ನ ಮಾಂಸವನ್ನು ತೂಗಿಕೊಟ್ಟ ಕಥೆಯೂ, ವಡ್ಡಾರಾಧನೆಯಲ್ಲಿ ಸುಕುಮಾರಸ್ವಾಮಿಯು ನರಿಯೂ ಅದರ ಮರಿಗಳೂ ತನ್ನನ್ನು ತಿನ್ನುತ್ತಿದ್ದರೂ ಅಲುಗದೆ ಧ್ಯಾನದಲ್ಲಿ ನಿಂತ ಕಥೆಯೂ ಇದೇ ಜಾತಿಯವು. ಇವನ್ನು ಕೇಳಿ ಬೆಳೆದ ಮನಸ್ಸು ಹುಳುವನ್ನು ಕೊಲ್ಲಲು ಹಿಂಜರಿದರೆ ಅದು ತಪ್ಪಲ್ಲ.

ಆದರೆ ಈ ಮೂರು ಕಥೆಗಳಲ್ಲಿಯೂ ಸಮಾನವಾದ ಅಂಶವೊಂದಿದೆ. ಕೊಟ್ಟವರೆಲ್ಲರೂ ತಮ್ಮ ಮೈಯನ್ನು ಕೊಟ್ಟರು. ಶಿಬಿಯು ತನ್ನ ಸೇವಕನ ತೊಡೆಯನ್ನು ಕೊಯ್ಯಿಸಲಿಲ್ಲ. ಅಸಂಗನು ನಾಯಿಯ ಕಡೆ ನೋಡಿ, ಇದೂ ಒಂದು ದಾನವೆಂದು ತಿಳಿದು ಸುಮ್ಮನಿರು ಎಂದು ಹೇಳಲಿಲ್ಲ. ತ್ಯಾಗವು ತ್ಯಾಗಿಯ ಇಚ್ಛೆಯಿಂದಲೇ ಧರ್ಮವಾಗುತ್ತದೆ. ಮತ್ತೊಬ್ಬನ ಮಾಂಸದಿಂದ ಮಾಡಿದ ಭೂತದಯೆಗೆ ಆ ಹೆಸರು ಸಲ್ಲದು. ಹಾಸಿಗೆಯ ಮೇಲೆ ನಿಸ್ಸಹಾಯನಾಗಿ ಮಲಗಿರುವವನು ಹುಳುಗಳಿಗೆ ಅನುಮತಿ ಕೊಟ್ಟಿಲ್ಲ. ಅವನ ಪಕ್ಕದಲ್ಲಿ ನಿಂತು ಅಹಿಂಸೆಯನ್ನು ಪಾಲಿಸುವವನು ಅವನ ಅಂಗುಳಿನಿಂದ ತನ್ನ ವ್ರತಕ್ಕೆ ದಕ್ಷಿಣೆ ಕೊಡುತ್ತಿದ್ದಾನೆ. ಅಸಂಗನು ಕೂಡ ಮೊದಲು ನಿಶ್ಚಯಿಸಿದ್ದು ನಾಯಿಯ ಗಾಯದಿಂದ ಹುಳುಗಳನ್ನು ತೆಗೆಯಲೇಬೇಕೆಂದು. ಹೇಗೆ ತೆಗೆಯುವುದೆಂಬುದು ಮಾತ್ರ ಅವನ ಸಂಕಟವಾಗಿತ್ತು. ಈ ಕಥೆಯನ್ನು ಸುಮ್ಮನಿರುವುದಕ್ಕೆ ಪ್ರಮಾಣವಾಗಿ ಹಿಡಿಯುವವರು ಅದನ್ನು ಅರ್ಧಮಾತ್ರ ಕೇಳಿದ್ದಾರೆ.

ಅಹಿಂಸೆಯನ್ನು ಅತ್ಯಂತ ಸೂಕ್ಷ್ಮವಾಗಿ ವಿಚಾರಿಸಿದ ಜೈನಶಾಸ್ತ್ರವು ಪ್ರಾಣಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುತ್ತದೆ: ಹುಳುವು ಎರಡಿಂದ್ರಿಯದ ಜೀವ, ನೊಣವು ನಾಲ್ಕಿಂದ್ರಿಯದ್ದು, ಮನುಷ್ಯನು ಐದಿಂದ್ರಿಯ ಮನಸ್ಸುಗಳುಳ್ಳವನು. ಗೃಹಸ್ಥನ ಅಣುವ್ರತದಲ್ಲಿ ಸಂಕಲ್ಪಪೂರ್ವಕವಾಗಿ, ಕೊಲ್ಲಬೇಕೆಂದೇ ಕೊಲ್ಲುವ ಹಿಂಸೆಯು ಪೂರ್ಣವಾಗಿ ವರ್ಜ್ಯ. ಅಡಿಗೆ, ಉದ್ಯೋಗ, ಆತ್ಮರಕ್ಷಣೆಗಳಲ್ಲಿ ತಪ್ಪಿಸಿಕೊಳ್ಳಲಾಗದೆ ಆಗುವ ಹಿಂಸೆಯನ್ನು ಗೃಹಸ್ಥನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕೆಂಬುದು ವಿಧಿ. ಹೀಗೆ ಹೇಳಿದ ಮಾತ್ರಕ್ಕೆ ಹುಳುವಿನ ಸಾವು ಸಾವಲ್ಲವೆಂದಾಗಲಿಲ್ಲ. ಚಿಮಟ ಹಿಡಿದ ಕೈ ಹಿಂಸೆ ಮಾಡುತ್ತಿರುವುದು ನಿಜ. ಆ ನಿಜವನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ರೋಗಿಯನ್ನು ಕಾಯತಕ್ಕವನು ಈ ಅಲ್ಪದೋಷವನ್ನು ತಿಳಿದು ತಿಳಿದೇ ಹೊರುತ್ತಾನೆ. ಅದನ್ನು ಹೊರಲಾರೆನೆಂದು ಕೈಕಟ್ಟಿ ನಿಂತವನು ಅದಕ್ಕಿಂತ ದೊಡ್ಡದಾದ ದೋಷವನ್ನು ತಿಳಿಯದೆಯೇ ಹೊರುತ್ತಾನೆ.

ಹಿಂಸೆ ಅನಿವಾರ್ಯವಾದರೂ ದ್ವೇಷವು ಅನಿವಾರ್ಯವಲ್ಲ. 1858ರಲ್ಲಿ ಕಾಕರೆಲ್ ಎಂಬ ಫ್ರೆಂಚ್ ವೈದ್ಯನು ದಕ್ಷಿಣ ಅಮೆರಿಕದ ಕೈಯೆನ್ ಬಂದೀಖಾನೆಯ ಕೈದಿಗಳ ಮೂಗಿನಿಂದ ತೆಗೆದ ಹುಳುಗಳ ನೊಣಕ್ಕೆ ಹೋಮಿನಿವೊರಾಕ್ಸ್, ಅಂದರೆ ನರಭಕ್ಷಕ, ಎಂದು ಹೆಸರಿಟ್ಟನು. ಆ ಹೆಸರಿನಲ್ಲಿ ಕೋಪವಿದೆ. ಆದರೆ ಹುಳುವಿಗೆ ತಾನು ತಿನ್ನುತ್ತಿರುವುದು ನರನೋ ಹಸುವೋ ತಿಳಿಯದು. ಇದೇ ನೊಣಗಳ ಬಂಧುವರ್ಗಕ್ಕೆ ಸೇರಿದ, ಸತ್ತ ಮಾಂಸವನ್ನು ಮಾತ್ರ ತಿನ್ನುವ ಬೇರೊಂದು ಜಾತಿಯ ಮರಿಗಳನ್ನು ಅಮೆರಿಕದ ಬೇರ್ ಎಂಬ ಶಸ್ತ್ರವೈದ್ಯನು ವಾಸಿಯಾಗದ ಎಲುಬಿನ ಹುಣ್ಣುಗಳಲ್ಲಿ ಬಿಟ್ಟು ಗುಣಪಡಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಎಷ್ಟೋ ದಿನ ರಣರಂಗದಲ್ಲಿ ಬಿದ್ದಿದ್ದ ಗಾಯಾಳುಗಳ ಹುಳು ಬಿದ್ದ ಗಾಯಗಳು ಸ್ವಚ್ಛವಾಗಿದ್ದುದನ್ನು ಅವನು ಕಂಡಿದ್ದನು. ಒಂದು ಹುಳು ವೈದ್ಯನ ಸಹಾಯಕ, ಮತ್ತೊಂದು ರೋಗಿಯ ಶತ್ರು. ಇವೆರಡರಲ್ಲಿ ಯಾವುದಕ್ಕೂ ಪುಣ್ಯಪಾಪಗಳ ಅರಿವಿಲ್ಲ. ಆದುದರಿಂದ ಹುಳುವನ್ನು ತೆಗೆಯುವವನು ಅದನ್ನು ಶಪಿಸಬೇಕಾಗಿಲ್ಲ; ತೆಗೆದರೆ ಸಾಕು.

ಈ ನರಭಕ್ಷಕ ನೊಣದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇದರ ಹೆಣ್ಣು ಸಾಮಾನ್ಯವಾಗಿ ಬಾಳಿನಲ್ಲಿ ಒಂದೇ ಸಲ ಕೂಡುತ್ತದೆಂಬುದನ್ನು ಗಮನಿಸಿದ ನಿಪ್ಲಿಂಗ್ ಮತ್ತು ಬುಶ್‌ಲ್ಯಾಂಡ್ ಎಂಬವರು, ಕಿರಣಗಳಿಂದ ಸಂತಾನಶಕ್ತಿಯನ್ನು ಕಳೆದ ನೊಣಗಳನ್ನು ಲೆಕ್ಕವಿಲ್ಲದಷ್ಟು ಬೆಳಸಿ ಆಕಾಶದಿಂದ ಬಿಟ್ಟರೆ ಆ ಸಂತತಿಯೇ ಅಳಿಯುವುದೆಂದು ಯೋಚಿಸಿದರು. 1954ರಲ್ಲಿ ಕುರಸಾವ್ ದ್ವೀಪದಲ್ಲಿ ಇದು ಫಲಿಸಿತು. ಮುಂದಿನ ಐವತ್ತು ವರ್ಷಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನದಿಂದ ಪನಾಮಾದವರೆಗೆ ಆ ನೊಣವು ನಿರ್ಮೂಲವಾಯಿತು. 2023ರಿಂದ ಅದು ಮತ್ತೆ ಉತ್ತರಕ್ಕೆ ಹರಡಿ 2024ರಲ್ಲಿ ಮೆಕ್ಸಿಕೊವನ್ನು ಸೇರಿತು. ಒಂದು ಜಾತಿಯನ್ನೇ ಭೂಮಿಯಿಂದ ಅಳಿಸುವ ಅಧಿಕಾರ ಮನುಷ್ಯನಿಗೆ ಉಂಟೇ ಎಂಬುದು ಕಠಿನವಾದ ಪ್ರಶ್ನೆ. ಆಳವಾದ ವಿಚಾರಕ್ಕೆ ಅರ್ಹವಾದುದು. ಆದರೆ ಅದು ರಾಜ್ಯಗಳೂ ವಿದ್ವಾಂಸರೂ ಕುಳಿತು ತೀರ್ಮಾನಿಸತಕ್ಕ ಪ್ರಶ್ನೆ. ಮನೆಯ ಹಿಂಬದಿಯ ಕೋಣೆಯಲ್ಲಿ ಒಬ್ಬನು ನರಳುತ್ತಿರುವಾಗ ಆ ದೊಡ್ಡ ಪ್ರಶ್ನೆಯನ್ನು ಎತ್ತಿ ಈ ಸಣ್ಣ ಕರ್ತವ್ಯವನ್ನು ತಡಮಾಡುವುದು ಸಲ್ಲದು. ಜಾತಿಯ ಅಳಿವು ಉಳಿವುಗಳ ವಿಷಯದಲ್ಲಿ ಸಂದೇಹವಿರಬಹುದು. ಈ ಮೂಗಿನೊಳಗಿನ ಹುಳುವಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಎರಡನೆಯದು ಕರ್ಮದ ಪಕ್ಷ. ನಾಡಿನ ಬೈಗುಳಲ್ಲಿಯೇ ಇದರ ಬೇರುಂಟು. ಬಾಯಲ್ಲಿ ಹುಳ ಬೀಳಲಿ ಎಂದು ಶಪಿಸುವುದು, ಹುಳ ಬಿದ್ದು ಸತ್ತ ಎಂದು ದುಷ್ಟನ ಕಡೆಗಾಲವನ್ನು ವರ್ಣಿಸುವುದು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಕೇಳಿಬರುತ್ತದೆ. ಹೀಗೆ ನುಡಿದು ನುಡಿದು, ನಿಜವಾಗಿ ಹುಳು ಬಿದ್ದವನನ್ನು ಕಂಡಾಗ, ಇವನು ಯಾರ ಶಾಪಕ್ಕೆ ಗುರಿಯಾದನೋ ಎಂಬ ಯೋಚನೆಯೇ ಮೊದಲು ಹುಟ್ಟುತ್ತದೆ. ಮನೆಯವರು ರೋಗವನ್ನು ಬಚ್ಚಿಡುವುದೂ ಇದಕ್ಕಾಗಿಯೇ. ಹೊರಗೆ ತಿಳಿದರೆ ಮನೆತನದ ಮೇಲೆಯೇ ಮಾತು ಬರುವುದೆಂಬ ಭಯ.

ಈ ಭಾವನೆಗೆ ಹಿಂದೆ ಒಂದು ಪ್ರಕೃತಿಶಾಸ್ತ್ರದ ಆಧಾರವೂ ಇದ್ದಿತು. ಕ್ರಿಮಿಗಳು ಸ್ವೇದಜಗಳು, ಕೊಳೆತ ಪದಾರ್ಥದಿಂದ ತಾವಾಗಿ ಹುಟ್ಟುವುವು ಎಂದು ಪೂರ್ವದೇಶದವರೂ ಪಶ್ಚಿಮದೇಶದವರೂ ಒಂದೇ ಸಮನಾಗಿ ನಂಬಿದ್ದರು. ಹುಳುವು ಮೈಯ ಕೊಳೆಯಿಂದಲೇ ಹುಟ್ಟಿದುದಾದರೆ ಆ ಮೈಯ ಒಡೆಯನಲ್ಲಿ ಏನೋ ಕೊಳೆತಿದೆ ಎಂದು ಊಹಿಸುವುದು ಸಹಜ. 1668ರಲ್ಲಿ ಇಟಲಿಯ ಫ್ಲಾರೆನ್ಸಿನ ರೇಡಿ ಎಂಬ ವೈದ್ಯನು ಒಂದು ಸುಲಭವಾದ ಪರೀಕ್ಷೆಯನ್ನು ಪ್ರಕಟಿಸಿದನು. ಕೆಲವು ಪಾತ್ರೆಗಳಲ್ಲಿ ಮಾಂಸವನ್ನಿಟ್ಟು ತೆರೆದು ಬಿಟ್ಟನು; ಕೆಲವಕ್ಕೆ ತೆಳುವಾದ ಬಟ್ಟೆಯನ್ನು ಕಟ್ಟಿದನು. ಎಲ್ಲದರಲ್ಲಿಯೂ ಮಾಂಸ ಕೊಳೆಯಿತು. ಆದರೆ ಹುಳು ಬಿದ್ದುದು ನೊಣ ಕುಳಿತ ಮಾಂಸದಲ್ಲಿ ಮಾತ್ರ. ಈ ಪರೀಕ್ಷೆಯಿಂದ ಪ್ರಾಣಿಶಾಸ್ತ್ರಕ್ಕೆ ಆದ ಲಾಭವನ್ನು ಎಲ್ಲರೂ ಬಲ್ಲರು. ನೀತಿಶಾಸ್ತ್ರಕ್ಕೆ ಆದ ಲಾಭವನ್ನು ಹೇಳಿದವರು ಕಡಿಮೆ. ಹುಳುವು ರೋಗಿಯ ಒಳಗಿನಿಂದ ಹುಟ್ಟಿದುದಲ್ಲ, ಹೊರಗಿನಿಂದ ಬಂದುದು. ಅದು ಅವನ ಪಾಪದ ಸಾಕ್ಷಿಯಲ್ಲ. ಬಾಗಿಲು ಕಾಯುವವರು ಯಾರೂ ಇರಲಿಲ್ಲವೆಂಬುದಕ್ಕೆ ಮಾತ್ರ ಸಾಕ್ಷಿ. ಇಂದು ರೋಗಿಯ ಮಂಚದ ಮೇಲೆ ಕಟ್ಟುವ ಪರದೆಯೂ ರೇಡಿಯ ಪಾತ್ರೆಯ ಮೇಲಣ ಬಟ್ಟೆಯೂ ಒಂದೇ ಕೆಲಸ ಮಾಡುತ್ತವೆ.

ಕರ್ಮಸಿದ್ಧಾಂತವನ್ನು ನಂಬುವವರು ಇದರಿಂದ ಆ ಸಿದ್ಧಾಂತವನ್ನು ಬಿಡಬೇಕೆಂದು ಅರ್ಥವಲ್ಲ. ಚರಕನು ಕರ್ಮವನ್ನು ಒಪ್ಪಿದವನೇ. ಆದರೂ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅವನು ದೈವವನ್ನೂ ಪುರುಷಕಾರವನ್ನೂ ಎರಡು ತಟ್ಟೆಗಳಲ್ಲಿಟ್ಟು ತೂಗುತ್ತಾನೆ. ಎಲ್ಲರ ಆಯುಷ್ಯವೂ ಮೊದಲೇ ನಿಶ್ಚಿತವಾದುದಾದರೆ ಮಂತ್ರ, ಔಷಧ, ಪಥ್ಯಗಳೆಲ್ಲವೂ ವ್ಯರ್ಥವಾಗಬೇಕಾಗುತ್ತದೆಂದು ತರ್ಕಿಸುತ್ತಾನೆ. ಇದಲ್ಲದೆ ಇನ್ನೊಂದು ಮಾತು. ಕರ್ಮವೆಂಬುದು ತನ್ನ ಕಷ್ಟವನ್ನು ತಾಳಿಕೊಳ್ಳಲು ಒಬ್ಬನಿಗೆ ಸಿಕ್ಕುವ ಆಧಾರ. ಅನ್ಯರ ಕಷ್ಟವನ್ನು ಕಂಡು ಸುಮ್ಮನಿರಲು ಕೊಟ್ಟ ರಹದಾರಿಯಲ್ಲ. ನರಳುವವನು ಇದು ನನ್ನ ಕರ್ಮವೆಂದುಕೊಂಡರೆ ಅದು ಧೈರ್ಯ. ನೋಡುವವನು ಇದು ಅವನ ಕರ್ಮವೆಂದರೆ ಅದು ಕ್ರೌರ್ಯ. ಮಾತು ಒಂದೇ ಆದರೂ ಆಡುವ ಬಾಯಿ ಬದಲಾದರೆ ಅರ್ಥವೂ ಬದಲಾಗುತ್ತದೆ. ಎದುರಿಗಿರುವವನ ನೋವನ್ನು ಕಂಡು ನೀರು ಕೊಡುವುದೂ ಕೊಡದಿರುವುದೂ ಕೂಡ ಕರ್ಮವೇ ಅಲ್ಲವೆ? ಅದರ ಫಲವು ಯಾರ ಲೆಕ್ಕಕ್ಕೆ ಸೇರುವುದೆಂಬುದನ್ನು ಈ ವಾದಿಗಳು ಯೋಚಿಸಿದಂತೆ ಕಾಣುವುದಿಲ್ಲ.

ಉಳಿದುದು ಜುಗುಪ್ಸೆ. ನಿಜವಾದ ಅಡ್ಡಿ ಇದೇ. ಮೊದಲಿನ ಎರಡು ವಾದಗಳು ಅನೇಕ ವೇಳೆ ಇದು ತೊಟ್ಟುಕೊಂಡ ವೇಷಗಳು. ತಲೆಯಲ್ಲಿ ಹೇನಾದರೆ ಹಿಂಸೆಯ ಚಿಂತೆಯಿಲ್ಲದೆ ಬಾಚಣಿಗೆ ಹಿಡಿಯುವವರು, ಅಕ್ಕಿಯಲ್ಲಿ ಹುಳುವಾದರೆ ಬಿಸಿಲಿಗೆ ಹರಡುವವರು, ರೋಗಿಯ ಮೂಗಿನ ಹುಳುವಿನ ಮುಂದೆ ಮಾತ್ರ ಭೂತದಯೆಯನ್ನು ನೆನೆಯುತ್ತಾರಾದರೆ ಅವರನ್ನು ತಡೆದದ್ದು ದಯೆಯಲ್ಲವೆಂಬುದು ಸ್ಪಷ್ಟ.

ಜುಗುಪ್ಸೆಯು ಮಾನವಸ್ವಭಾವಕ್ಕೆ ಸೇರಿದುದು. ಭರತಮುನಿಯು ಅದನ್ನು ಸ್ಥಾಯಿಭಾವಗಳ ಸಾಲಿನಲ್ಲಿಟ್ಟನು. ಬೀಭತ್ಸರಸದ ಭೇದಗಳನ್ನು ಹೇಳುವಾಗ ಉದ್ವೇಗಕರವಾದ ಬೀಭತ್ಸಕ್ಕೆ ಕ್ರಿಮಿಗಳನ್ನೇ ಕಾರಣವಾಗಿ ಹೆಸರಿಸಿದನು. ಹುಳುವನ್ನು ಕಂಡು ಮೈ ಜುಮ್ಮೆನ್ನುವುದಕ್ಕೂ ಹೊಟ್ಟೆ ತೊಳಸುವುದಕ್ಕೂ ಯಾರನ್ನೂ ದೂಷಿಸಲಾಗದು. ಕೊಳೆತುದರಿಂದ ದೂರವಿರುವಂತೆ ಪ್ರಕೃತಿಯು ಕಲಿಸಿದ ಎಚ್ಚರಿಕೆಯದು. ಆದರೆ ರಂಗಸ್ಥಳಕ್ಕೂ ರೋಗಿಯ ಕೋಣೆಗೂ ಭೇದವುಂಟು. ರಂಗಸ್ಥಳದಲ್ಲಿ ಸಾಮಾಜಿಕನು ಕುಳಿತಲ್ಲಿಯೇ ಕುಳಿತು ರಸವನ್ನು ಅನುಭವಿಸಬಹುದು. ರೋಗಿಯ ಕೋಣೆಯಲ್ಲಿ ಪ್ರೇಕ್ಷಕನಿಗೆ ಸ್ಥಳವಿಲ್ಲ. ಅಲ್ಲಿಗೆ ಬಂದವನು ಪರಿಚಾರಕನಾಗಬೇಕು, ಇಲ್ಲವೆ ಹೊರಗೆ ಹೋಗಬೇಕು.

ಆ ಪರಿಚಾರಕನ ಲಕ್ಷಣವನ್ನು ಹೇಳುವಾಗ ಸುಶ್ರುತನು ಪ್ರಯೋಗಿಸಿರುವ ಒಂದು ಶಬ್ದವು ಬಹಳ ಬೆಲೆಯುಳ್ಳದ್ದು. ವೈದ್ಯ, ಔಷಧ, ರೋಗಿ, ಪರಿಚಾರಕ ಎಂಬ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನು ಸ್ನೇಹವುಳ್ಳವನೂ ಬಲವುಳ್ಳವನೂ ದಣಿಯದವನೂ ವೈದ್ಯನ ಮಾತನ್ನು ನಡಸುವವನೂ ಆಗಿರಬೇಕೆಂದು ಹೇಳಿ, ಅವುಗಳೊಡನೆ ಅಜುಗುಪ್ಸು ಎಂಬ ಗುಣವನ್ನೂ ಸೇರಿಸುತ್ತಾನೆ, ಎಂದರೆ ಹೇಸದವನು. ಇದನ್ನು ಅವನು ಸಂತರ ಲಕ್ಷಣವಾಗಿ ಹೇಳಲಿಲ್ಲ. ತೋಳ್ಬಲದ ಪಕ್ಕದಲ್ಲಿ, ವಿಧೇಯತೆಯ ಪಕ್ಕದಲ್ಲಿ, ಕೆಲಸಕ್ಕೆ ಬೇಕಾದ ಒಂದು ಅರ್ಹತೆಯಾಗಿ ಎಣಿಸಿದನು. ಜೈನಾಚಾರ್ಯರಾದ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ, ಅಂದರೆ ಹೇಸದಿರುವಿಕೆ, ಎಂಬುದನ್ನು ಒಂದಾಗಿ ಹೇಳಿದ್ದಾರೆ. ಅದಕ್ಕೆ ಉದ್ದಾಯನ ರಾಜನನ್ನು ದೃಷ್ಟಾಂತವಾಗಿ ಹೆಸರಿಸಿದ್ದಾರೆ. ಆ ರಾಜನು ವ್ಯಾಧಿಗ್ರಸ್ತನಾದ ಯತಿಯು ತನ್ನ ಮೇಲೆಯೇ ಕಾರಿಕೊಂಡಾಗಲೂ ಮುಖ ತಿರುಗಿಸದೆ ಉಪಚರಿಸಿದನೆಂದು ಕಥೆ. ಹುಳುವಿನ ಜೀವಕ್ಕೆ ಮರುಗುವ ಧರ್ಮವೇ ರೋಗಿಯ ಮೈಗೆ ಹೇಸುವುದನ್ನು ದೋಷವೆಂದು ಎಣಿಸಿತು. ಮೊದಲನೆಯದನ್ನು ಉದಾಹರಿಸುವವರು ಎರಡನೆಯದನ್ನೂ ಉದಾಹರಿಸಬೇಕು.

ಭಾವನೆಗೆ ಆಜ್ಞೆ ಮಾಡಲು ಸಾಧ್ಯವೆ, ಹೇಸಿಗೆಯಾಗಬೇಡವೆಂದರೆ ಆಗದಿರುವುದೆ ಎಂಬ ಆಕ್ಷೇಪ ಬರಬಹುದು. ಆಗದಿರುವುದಿಲ್ಲ. ಆದರೆ ಅಜುಗುಪ್ಸೆಯೆಂಬುದು ಒಂದು ದಿನದಲ್ಲಿ ಹುಟ್ಟುವ ಭಾವವಲ್ಲ. ಅಭ್ಯಾಸದಿಂದ ಬರುವ ಶಕ್ತಿ. ಹೆತ್ತವಳು ಕೂಸಿನ ಮಲಮೂತ್ರಗಳಿಗೆ ಹೇಸುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಮೊದಲ ವಾರದಲ್ಲಿ ಅವಳೂ ಮೂಗು ಮುರಿದಿರಬಹುದು, ಕೆಲಸ ಮಾಡುತ್ತ ಮಾಡುತ್ತ ಅದು ಮರೆತುಹೋಯಿತು. ತಿಳಿವಳಿಕೆಯೂ ಇದಕ್ಕೆ ನೆರವಾಗುತ್ತದೆ. ಏನೋ ಹರಿದಾಡುತ್ತಿದೆ ಎಂಬ ಭಯವು, ಇದು ಇಂಥ ನೊಣದ ಮರಿ, ಇಷ್ಟು ದಿನ ಬದುಕುವುದು, ಹೀಗೆ ಮಾಡಿದರೆ ಹೊರಬರುವುದು ಎಂದು ತಿಳಿದ ಕ್ಷಣದಲ್ಲಿಯೇ ಅರ್ಧವಾಗುತ್ತದೆ. ಉಳಿದರ್ಧವನ್ನು ಕೈಗೆ ಸಿಕ್ಕಿದ ಕೆಲಸವು ಕರಗಿಸುತ್ತದೆ: ಬಟ್ಟಲು ಹಿಡಿಯುವುದು, ನೀರು ಕಾಯಿಸುವುದು, ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸುವುದು. ಬಾಯಿಗೆ ಬಟ್ಟೆ ಕಟ್ಟಿಕೊಂಡರೂ ದೋಷವಿಲ್ಲ. ಬಾಗಿಲನ್ನು ಮುಚ್ಚಿಕೊಂಡರೆ ದೋಷ.

ಈ ರೋಗಿಯ ವಿಷಯದಲ್ಲಿ ಅಜುಗುಪ್ಸೆಗೆ ಇನ್ನೊಂದು ವಿಶೇಷ ಪ್ರಯೋಜನವುಂಟು. ಪೀನಸದ ರೋಗಿಗೆ ತನ್ನ ದುರ್ಗಂಧ ತಿಳಿಯದೆಂದು ಹಿಂದೆ ಹೇಳಿದೆಯಷ್ಟೆ. ಕನ್ನಡಿಯಲ್ಲಿ ಮೂಗಿನ ಒಳಭಾಗವೂ ಕಾಣದು. ಹಾಗಾದರೆ ತನ್ನ ಸ್ಥಿತಿಯನ್ನು ಅವನು ಎಲ್ಲಿ ನೋಡಿಕೊಳ್ಳುತ್ತಾನೆ? ಬಳಿಗೆ ಬಂದವರ ಮುಖದಲ್ಲಿ. ಮಗನು ಹೊಸಲಿನಲ್ಲಿಯೇ ನಿಂತು ಮಾತನಾಡಿಸಿದರೆ, ಸೊಸೆಯು ತಟ್ಟೆಯನ್ನು ದೂರದಿಂದ ತಳ್ಳಿದರೆ, ತಾನು ಮನುಷ್ಯರ ಕೂಟದಿಂದ ಹೊರಬಿದ್ದೆನೆಂದು ಅವನಿಗೆ ತಿಳಿಯುತ್ತದೆ. ಹುಳುವು ಮಾಂಸವನ್ನು ತಿನ್ನುವುದು ಐದಾರು ದಿನ. ಆ ಮುಖಗಳ ನೆನಪು ಅವನನ್ನು ಬಹುಕಾಲ ತಿನ್ನುತ್ತದೆ. ಆದುದರಿಂದ ಬಳಿಯಲ್ಲಿ ಕುಳಿತವರ ಶಾಂತವಾದ ಮುಖವು ಔಷಧಕ್ಕೆ ಹೊರತಾದ ಉಪಕಾರವಲ್ಲ. ಅದೂ ಚಿಕಿತ್ಸೆಯ ಅಂಗವೇ ಆಗಿದೆ. ಅದನ್ನು ಯಾವ ವೈದ್ಯನೂ ಶೀಶೆಯಲ್ಲಿ ತುಂಬಿಕೊಡಲಾರನು.

ಚರಕನು ಹೇಳಿದ ಮೂರನೆಯ ಹೆಜ್ಜೆಗೆ ಈಗ ಬರಬಹುದು. ಹುಳುವನ್ನು ಎಳೆದು ತೆಗೆಯುವುದು ವೈದ್ಯನ ಕೆಲಸ. ಮೂಗನ್ನು ತೊಳೆದು, ಕೀವನ್ನಾರಿಸಿ, ಹುಳುವಿಗೆ ನೆಲೆಯಿಲ್ಲದಂತೆ ಮಾಡುವುದೂ ಬಹುಮಟ್ಟಿಗೆ ಅವನದೇ. ಮೂಲ ಕಾರಣವನ್ನು ಬಿಡಿಸುವುದು ಯಾರ ಕೆಲಸ? ಆ ಕಾರಣವು ನೊಣವೆಂದರೆ ಪೂರ್ತಿ ಉತ್ತರವಾಗಲಿಲ್ಲ. ನೊಣಗಳು ಎಲ್ಲ ಮನೆಗಳ ಮೇಲೂ ಹಾರುತ್ತವೆ. ಯಾರ ಮುಖದ ಮೇಲಿನ ನೊಣವನ್ನು ಅಟ್ಟಲು ಯಾರೂ ಇರಲಿಲ್ಲವೋ ಅವನ ಮೂಗಿನಲ್ಲಿ ಹುಳುವಾಯಿತು. ನಿಜವಾದ ನಿದಾನವು ಉಪೇಕ್ಷೆ. ಯೋಗಶಾಸ್ತ್ರದಲ್ಲಿ ಮೈತ್ರಿ ಕರುಣೆ ಮುದಿತೆಗಳೊಡನೆ ಉಪೇಕ್ಷೆಯನ್ನೂ ಸದ್ಗುಣವಾಗಿ ಹೇಳಿದೆ. ಆದರೆ ಅಲ್ಲಿ ಉಪೇಕ್ಷೆಯ ವಿಷಯವು ಪಾಪ, ಕರುಣೆಯ ವಿಷಯವು ದುಃಖ. ದುಃಖಿಯಾದವನನ್ನು ಪಾಪಿಯೆಂದು ಬಗೆದು ಕರುಣೆಯ ಸ್ಥಳದಲ್ಲಿ ಉಪೇಕ್ಷೆಯನ್ನಿಟ್ಟಾಗ ಒಂದು ಸದ್ಗುಣವೇ ರೋಗಕ್ಕೆ ಕಾರಣವಾಗುತ್ತದೆ.

ಆಸ್ಪತ್ರೆಯಿಂದ ರೋಗಿಯನ್ನು ಕಳುಹಿಸುವಾಗ ವೈದ್ಯನು, ದಿನವೂ ಉಪ್ಪುನೀರಿನಿಂದ ಮೂಗನ್ನು ತೊಳೆಯಬೇಕು, ಹಗಲು ಮಲಗುವಾಗಲೂ ಪರದೆ ಕಟ್ಟಬೇಕು, ರಕ್ತ ಕಂಡರೆ ತಡಮಾಡದೆ ಬರಬೇಕು ಎಂದು ಹೇಳುತ್ತಾನೆ. ಈ ಮಾತುಗಳನ್ನು ಅವನು ಹೇಳುವುದು ರೋಗಿಗಾದರೂ, ಕೈಲಾಗದ ಮುದುಕನೋ ಬೆರಳುಗಳನ್ನು ಕಳೆದುಕೊಂಡ ಕುಷ್ಠರೋಗಿಯೋ ತಾನೊಬ್ಬನೇ ಅವನ್ನು ನಡಸಲಾರನು. ನಡಸತಕ್ಕವರು ಮನೆಯವರು, ಮನೆಯಿಲ್ಲದವನಿಗೆ ಊರಿನವರು. ಅಹಿಂಸೆಯ ವಿಚಾರವನ್ನೂ ಕರ್ಮದ ವಿಚಾರವನ್ನೂ ಆ ಮಂಚದ ಬಳಿ ಕುಳಿತೇ ಎಷ್ಟು ಹೊತ್ತು ಬೇಕಾದರೂ ಮಾಡಬಹುದು. ಕುಳಿತವರು ಪರದೆ ಸರಿಯಾಗಿದೆಯೋ ಇಲ್ಲವೋ ನೋಡಿಕೊಂಡಿರಬೇಕು, ಅಷ್ಟೆ.